ರಕ್ತದಾನವೂ ಸತ್ಯವ್ರತವೂ
ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳಲ್ಲಿ ರಕ್ತದಾನವು ಔಷಧವೂ ಹೌದು, ಅಭಯವೂ ಹೌದು. ಭಾರತದಲ್ಲಿ 1989ರಿಂದ ಎಚ್.ಐ.ವಿ., 2001ರಿಂದ ಹೆಪಟೈಟಿಸ್ ಸಿ ಪರೀಕ್ಷೆಗಳು ಕಡ್ಡಾಯವಾದವು. ಆದರೂ ಹೊಸ ಸೋಂಕು ಆರಂಭದ ಕೆಲವು ದಿನ ಯಾವ ಪರೀಕ್ಷೆಗೂ ಕಾಣದು.

2020ರ ಮಾರ್ಚ್ 25ರಂದು ದೇಶವೇ ಸ್ತಬ್ಧವಾದಾಗ ಕಾಲೇಜುಗಳು ಮುಚ್ಚಿ ರಕ್ತದಾನ ಶಿಬಿರಗಳು ನಿಂತವು. ಥಲಸ್ಸೀಮಿಯಾ ಪೀಡಿತ ಮಕ್ಕಳ ಅಗತ್ಯ ನಿಲ್ಲಲಿಲ್ಲ. ಖಾನಾಪುರದ ಹಳ್ಳಿಗಳ ರೋಗಿಗಳಿಗೂ ಆಶ್ರಯವಾದ ಬೆಳಗಾವಿ ನೆಹರು ನಗರದ ಕೆ.ಎಲ್.ಇ. ಆಸ್ಪತ್ರೆಯಂತಹ ಕೇಂದ್ರಗಳಿಗೆ ದಾನಿಗಳೇ ಆಧಾರ. ಕೊರೊನಾ ರಕ್ತದಿಂದ ಹರಡಿದ್ದಕ್ಕೆ ಪುರಾವೆ ದೊರೆಯದಿದ್ದರೂ, ಸೋಂಕಿತರ ಸಂಪರ್ಕಕ್ಕೆ ಬಂದವರೂ ಗುಣಮುಖರಾದವರೂ 28 ದಿನ ಕಾಯಬೇಕೆಂದು ರಾಷ್ಟ್ರೀಯ ರಕ್ತಪೂರಣ ಮಂಡಳಿ ಆಗ ಸೂಚಿಸಿತು. ಈ ನಿಯಮದ ಜೀವಾಳ ದಾನಿಯ ಸತ್ಯವಚನ. ಅರಿತೂ ಮರೆಮಾಚಿದರೆ ದಾನವೇ ಹಿಂಸೆಯಾದೀತು. ನಿಜ ನುಡಿದು ಹಿಂದೆ ಸರಿದವನೂ ಅಹಿಂಸಾವ್ರತವನ್ನೇ ಪಾಲಿಸಿದವನು. ಬಸದಿಗಳ ಶಿಬಿರಗಳಲ್ಲಿ ಅವನಿಗೂ ಸಮಾನ ಗೌರವ ಸಲ್ಲಬೇಕು.