ಪಾಡ್‌ಕಾಸ್ಟ್ ಧ್ವನಿಮುದ್ರಣ: ಯುಎಸ್‌ಬಿ ಮೈಕ್ರೊಫೋನ್ ಮತ್ತು ಆಡಿಯೊ ಇಂಟರ್‌ಫೇಸ್

ಯುಎಸ್‌ಬಿ ಮೈಕ್ರೊಫೋನ್ ಮತ್ತು ಆಡಿಯೊ ಇಂಟರ್‌ಫೇಸ್ ಇವು ಪಾಡ್‌ಕಾಸ್ಟ್ ತಯಾರಿಕೆಯಲ್ಲಿ ಮಾತನ್ನು ಕಂಪ್ಯೂಟರಿಗೆ ತಲುಪಿಸಲು ಬಳಸುವ ಎರಡು ಬಗೆಯ ಸಾಧನಗಳು. ಧ್ವನಿಯನ್ನು ಡಿಜಿಟಲ್ ರೂಪಕ್ಕೆ ತರುವ ಭಾಗವು ಮೊದಲನೆಯದರಲ್ಲಿ ಮೈಕ್ರೊಫೋನಿನ ಒಳಗೇ ಇರುತ್ತದೆ. ಎರಡನೆಯದರಲ್ಲಿ ಅದು ಪ್ರತ್ಯೇಕ ಪೆಟ್ಟಿಗೆಯಲ್ಲಿದ್ದು, ಮೈಕ್ರೊಫೋನನ್ನು ಕೇಬಲ್ ಮೂಲಕ ಅದಕ್ಕೆ ಜೋಡಿಸಲಾಗುತ್ತದೆ. ಇವುಗಳ ಆಯ್ಕೆಯನ್ನು ಕೇವಲ ಗುಣಮಟ್ಟದ ಪ್ರಶ್ನೆಯೆಂದು ಭಾವಿಸುವುದುಂಟು. ಆದರೆ ಒಂದೇ ಕೊಠಡಿಯಲ್ಲಿ ಎಷ್ಟು ಜನರ ಮಾತನ್ನು ಏಕಕಾಲದಲ್ಲಿ ಮುದ್ರಿಸಬೇಕು ಎಂಬುದೇ ಹೆಚ್ಚು ನಿರ್ಣಾಯಕವಾದ ಅಂಶ.

ಕಾರ್ಯವಿಧಾನ

ಮೈಕ್ರೊಫೋನಿನ ತೆಳುಪೊರೆಯು ಶಬ್ದಕ್ಕೆ ಕಂಪಿಸಿದಾಗ ದುರ್ಬಲವಾದ ವಿದ್ಯುತ್ ಸಂಕೇತ ಉಂಟಾಗುತ್ತದೆ. ಪ್ರಿಆಂಪ್ಲಿಫೈಯರ್ ಅದನ್ನು ವರ್ಧಿಸುತ್ತದೆ. ಅನಂತರ ಪರಿವರ್ತಕವು ಆ ಸಂಕೇತವನ್ನು ಸೆಕೆಂಡಿಗೆ ಸಾಮಾನ್ಯವಾಗಿ 44,100 ಅಥವಾ 48,000 ಬಾರಿ ಅಳೆದು ಅಂಕಿಗಳನ್ನಾಗಿಸುತ್ತದೆ. ಎರಡೂ ವ್ಯವಸ್ಥೆಗಳಲ್ಲಿ ನಡೆಯುವ ಕ್ರಿಯೆ ಇದೇ.

ಯುಎಸ್‌ಬಿ ಮೈಕ್ರೊಫೋನ್

ವಿದ್ಯುತ್ತು ಮತ್ತು ದತ್ತಾಂಶ ಎರಡೂ ಒಂದೇ ಕೇಬಲ್ಲಿನಲ್ಲಿ ಹರಿಯುತ್ತವೆ. ಬಹುತೇಕ ಮಾದರಿಗಳಿಗೆ ಪ್ರತ್ಯೇಕ ತಂತ್ರಾಂಶದ ಅಗತ್ಯವಿಲ್ಲ. ಈ ವರ್ಗದ ಪ್ರಸಿದ್ಧ ಮಾದರಿಯಾದ ಬ್ಲೂ ಯೆಟಿಯಲ್ಲಿ ಧ್ವನಿಯನ್ನು ಗ್ರಹಿಸುವ ದಿಕ್ಕನ್ನು ನಾಲ್ಕು ವಿಧಗಳಲ್ಲಿ ಬದಲಿಸಬಹುದು. ಒಳಗಿನ ಪರಿವರ್ತಕ ಕೆಟ್ಟರೆ ಇಡೀ ಸಾಧನವೇ ನಿರುಪಯುಕ್ತವಾಗುವುದು ಈ ವರ್ಗದ ಮಿತಿ.

ಆಡಿಯೊ ಇಂಟರ್‌ಫೇಸ್

ಇದಕ್ಕೆ ಮೂರು ಪಿನ್ನುಗಳ ಎಕ್ಸ್‌ಎಲ್‌ಆರ್ ಕೇಬಲ್ಲಿನಿಂದ ಮೈಕ್ರೊಫೋನನ್ನು ಜೋಡಿಸುತ್ತಾರೆ. ಕಂಡೆನ್ಸರ್ ಮೈಕ್ರೊಫೋನುಗಳಿಗೆ ಬೇಕಾದ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ತನ್ನು ಇಂಟರ್‌ಫೇಸ್ ಒದಗಿಸುತ್ತದೆ. ಶ್ಯೂರ್ ಎಸ್‌ಎಂ7ಬಿಯಂತಹ ಡೈನಮಿಕ್ ಮೈಕ್ರೊಫೋನಿಗೆ ಸುಮಾರು 60 ಡೆಸಿಬೆಲ್ ವರ್ಧನೆ ಬೇಕಾಗುವುದರಿಂದ, ಇಂಟರ್‌ಫೇಸ್ ಅಷ್ಟನ್ನು ನೀಡಬಲ್ಲುದೇ ಎಂದು ಕೊಳ್ಳುವ ಮೊದಲೇ ನೋಡಬೇಕು. ಮೈಕ್ರೊಫೋನ್ ಬದಲಾದರೂ ಇಂಟರ್‌ಫೇಸನ್ನು ಉಳಿಸಿಕೊಳ್ಳಬಹುದು.

ಹಲವರ ಮಾತಿನ ಮುದ್ರಣ

ಇಬ್ಬರ ನಡುವೆ ಒಂದೇ ಮೈಕ್ರೊಫೋನ್ ಇಟ್ಟರೆ ಇಬ್ಬರ ಧ್ವನಿಯೂ ಒಂದೇ ಟ್ರ್ಯಾಕಿನಲ್ಲಿ ಬೆರೆಯುತ್ತದೆ. ಒಬ್ಬರ ಮಾತಿನ ಮೇಲೆ ಬಿದ್ದ ಇನ್ನೊಬ್ಬರ ಕೆಮ್ಮನ್ನು ಆಮೇಲೆ ಬೇರ್ಪಡಿಸುವುದು ಕಷ್ಟ. ಒಂದೇ ಕಂಪ್ಯೂಟರಿಗೆ ಎರಡು ಯುಎಸ್‌ಬಿ ಮೈಕ್ರೊಫೋನುಗಳನ್ನು ಜೋಡಿಸಿದರೆ ಬೇರೆ ತೊಡಕು ಎದುರಾಗುತ್ತದೆ. ಪ್ರತಿಯೊಂದರಲ್ಲೂ ತನ್ನದೇ ಗಡಿಯಾರವಿದ್ದು, ಅವು ನಿಖರವಾಗಿ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಹತ್ತು ಲಕ್ಷಕ್ಕೆ 50 ಭಾಗದಷ್ಟು ವ್ಯತ್ಯಾಸವಿದ್ದರೂ, ಅದನ್ನು ಸರಿದೂಗಿಸುವ ವ್ಯವಸ್ಥೆ ಇಲ್ಲದಿದ್ದರೆ ಒಂದು ಗಂಟೆಯಲ್ಲಿ 0.18 ಸೆಕೆಂಡಿನಷ್ಟು ಅಂತರ ಬೀಳುತ್ತದೆ. ಕಿವಿಗೆ ಅದು ಪ್ರತಿಧ್ವನಿಯಂತೆ ಕೇಳಿಸಬಹುದು. ಎರಡು ಮೈಕ್ರೊಫೋನ್ ಒಳದಾರಿಗಳಿರುವ ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2ನಂತಹ ಇಂಟರ್‌ಫೇಸಿನಲ್ಲಿ ಗಡಿಯಾರ ಒಂದೇ ಆಗಿರುವುದರಿಂದ ಇಬ್ಬರ ಮಾತು ಪ್ರತ್ಯೇಕ ಟ್ರ್ಯಾಕುಗಳಲ್ಲಿ ಜೊತೆಜೊತೆಯಾಗಿ ದಾಖಲಾಗುತ್ತದೆ. ಅತಿಥಿಯು ಬೇರೆ ಊರಿನಿಂದ ತನ್ನದೇ ಕಂಪ್ಯೂಟರಿನಲ್ಲಿ ಮಾತನಾಡುವುದಾದರೆ ಇಬ್ಬರಿಗೂ ಒಂದೊಂದು ಯುಎಸ್‌ಬಿ ಮೈಕ್ರೊಫೋನ್ ಸಾಕು.

ಉಭಯ ಸಂಪರ್ಕದ ಮಾದರಿಗಳು

2020ರಲ್ಲಿ ಬಿಡುಗಡೆಯಾದ ಶ್ಯೂರ್ ಎಂವಿ7 ಯುಎಸ್‌ಬಿ ಮತ್ತು ಎಕ್ಸ್‌ಎಲ್‌ಆರ್ ಎರಡೂ ಸಂಪರ್ಕಗಳನ್ನು ಹೊಂದಿದೆ. ಒಬ್ಬರೇ ಮಾತನಾಡುವ ಕಾರ್ಯಕ್ರಮದಿಂದ ಆರಂಭಿಸಿ ಮುಂದೆ ಸಂದರ್ಶನಗಳಿಗೆ ಹೋಗುವವರು ಇಂತಹ ಮೈಕ್ರೊಫೋನನ್ನು ಬದಲಿಸದೆಯೇ ಇಂಟರ್‌ಫೇಸ್ ಸೇರಿಸಿಕೊಳ್ಳಬಹುದು.

ಕೊಠಡಿಯ ಪ್ರಭಾವ

ಬಾಯಿ ಮತ್ತು ಮೈಕ್ರೊಫೋನಿನ ನಡುವಿನ ಅಂತರವನ್ನು ಅರ್ಧಕ್ಕೆ ಇಳಿಸಿದರೆ ನೇರ ಧ್ವನಿಯ ಮಟ್ಟ ಸುಮಾರು 6 ಡೆಸಿಬೆಲ್ ಏರುತ್ತದೆ. ಗೋಡೆಗಳಿಂದ ಮರಳುವ ಮಾರ್ದನಿ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಖಾಲಿ ಗೋಡೆಗಳ ಕೊಠಡಿಯಲ್ಲಿ ದೂರದಿಂದ ಮುದ್ರಿಸಿದ ಮಾತಿನ ಮಾರ್ದನಿಯನ್ನು ದುಬಾರಿ ಇಂಟರ್‌ಫೇಸ್ ಕೂಡ ನಿವಾರಿಸಲಾರದು.