ಅತಿಥಿಗೆ ಮೀಸಲಾದ ಕೋಣೆ

ಹಳೆಯ ಮಸ್ಕತ್ ನಗರದ ಪಶ್ಚಿಮಕ್ಕೆ, ಬೋಳುಗುಡ್ಡಗಳ ನಡುವೆ ಹಬ್ಬಿರುವ ಮದೀನತ್ ಸುಲ್ತಾನ್ ಖಾಬೂಸ್ ಎಂಬ ಬಡಾವಣೆ ವಯಸ್ಸಿನಲ್ಲಿ ಎಳೆಯದು. 1970ರ ಜುಲೈ 23ರಂದು ಸುಲ್ತಾನ್ ಖಾಬೂಸರು ಒಮಾನಿನ ಅಧಿಕಾರವನ್ನು ವಹಿಸಿಕೊಂಡ ತರುವಾಯ, ತೈಲದ ಆದಾಯದಿಂದ ರಸ್ತೆ, ಆಸ್ಪತ್ರೆ, ಶಾಲೆಗಳು ಒಂದರ ಬೆನ್ನಿಗೊಂದು ಏಳತೊಡಗಿದ ದಶಕದಲ್ಲಿ, ಆ ಕಾರ್ಯಗಳಿಗಾಗಿ ಬಂದ ಪರದೇಶೀಯರ ವಾಸಸ್ಥಾನವಾಗಿ ಇದು ರೂಪುಗೊಂಡಿತು. ಅದಕ್ಕೆ ಹಿಂದಿನ ಮಸ್ಕತ್ತಿನಲ್ಲಿ ಸೂರ್ಯಾಸ್ತವಾಗಿ ಮೂರು ಗಂಟೆ ಕಳೆಯುತ್ತಲೇ ಕೋಟೆಯ ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದುವು. ಬಳಿಕ ಬೀದಿಯಲ್ಲಿ ನಡೆಯುವವನು ಕೈಯಲ್ಲಿ ಕಂದೀಲು ಹಿಡಿದೇ ನಡೆಯಬೇಕಾಗಿತ್ತು. ತಂಗುವ ಹೋಟೆಲುಗಳು ಇಲ್ಲವೆಂಬಷ್ಟು ವಿರಳವಾಗಿದ್ದ ಆ ಕಾಲದಲ್ಲಿ ಪ್ರವಾಸಿಗೆ ಮತ್ತೊಬ್ಬರ ಮನೆಯೇ ಗತಿಯಾಗಿದ್ದಿತು.

ಹೀಗೆ ಬಡಾವಣೆ ಹೊಸದಾದರೂ, ಅಲ್ಲಿಯ ಮನೆಗಳೊಳಗಿನ ಒಂದು ಕೋಣೆಯ ವಂಶಾವಳಿ ಪುರಾತನವಾದುದು. ಒಮಾನಿ ಗೃಹಸ್ಥನು ಮನೆ ಕಟ್ಟಿಸುವಾಗ ಮುಂಬಾಗಿಲ ಮಗ್ಗುಲಲ್ಲಿ ಅತಿಥಿಗಳನ್ನು ಕೂರಿಸುವ ಕೋಣೆಯಾದ ಮಜ್ಲಿಸಿಗೆ ಸ್ಥಳ ಬಿಡದಿರುವುದು ಅಪರೂಪ. ಸಾಧ್ಯವಾದಲ್ಲಿ ಅದಕ್ಕೆ ಹೊರಗಿನಿಂದಲೇ ಪ್ರತ್ಯೇಕವಾದ ಬಾಗಿಲನ್ನೂ ಇಡಿಸುತ್ತಾನೆ. ಮನೆವಾಳ್ತೆಯ ಏಕಾಂತಕ್ಕೆ ಭಂಗ ಬಾರದಂತೆ, ಬಂದವನಿಗೂ ಸಂಕೋಚವಾಗದಂತೆ ಯೋಜಿಸಿದ ಈ ವಿನ್ಯಾಸದಲ್ಲಿ ಎರಡು ಕಡೆಯ ಮರ್ಯಾದೆಯೂ ಉಳಿಯುತ್ತದೆ. ಹಳೆಯ ಮನೆಗಳಲ್ಲಿ ಮಜ್ಲಿಸಿನ ಗೋಡೆಗೂಡುಗಳಲ್ಲಿ ಪಿಂಗಾಣಿಯ ತಟ್ಟೆಗಳನ್ನು ಜೋಡಿಸಿಡುತ್ತಿದ್ದರು. ಮನೆಯಲ್ಲಿದ್ದ ಒಳ್ಳೆಯ ರತ್ನಗಂಬಳಿಯೂ ಆ ನೆಲಕ್ಕೇ ಸಲ್ಲುತ್ತಿತ್ತು.

ನಿಜ್ವಾ, ಬಹ್ಲಾ ಮೊದಲಾದ ಒಳನಾಡಿನ ಊರುಗಳಲ್ಲಿ ಈ ಆತಿಥ್ಯ ಒಂದೊಂದು ಮನೆಗೆ ಸೀಮಿತವಾಗಿರಲಿಲ್ಲ. ಕೇರಿಯವರು ಅಥವಾ ಕುಲದವರು ಕೂಡಿ ನಡೆಸುವ ‘ಸಬ್ಲಾ’ ಎಂಬ ಚಾವಡಿಯಿದ್ದು, ಮದುವೆಯ ಮಾತುಕತೆಗೂ, ಸತ್ತವರ ಮನೆಯವರನ್ನು ಸಂತೈಸುವುದಕ್ಕೂ, ಫಲಜ್ ಕಾಲುವೆಯ ನೀರಿನ ಸರದಿಯ ವ್ಯಾಜ್ಯಕ್ಕೂ, ದೂರದಿಂದ ದಣಿದು ಬಂದ ಪಥಿಕನ ಸತ್ಕಾರಕ್ಕೂ ಅದೇ ಆಸರೆ. ಅಲ್ಲಿ ಎಲ್ಲರೂ ಗೋಡೆಗೊರಗಿ ಸುತ್ತಲೂ ಕುಳಿತು ನಡುವಣ ನೆಲವನ್ನು ಬರಿದು ಬಿಡುತ್ತಾರೆ. ಹೊಸಬನು ಒಳಬಂದೊಡನೆ ಎದ್ದು ನಿಂತು ಕೈಕುಲುಕುತ್ತಾರೆ. ಕುಶಲಪ್ರಶ್ನೆ ಮುಗಿದ ಮೇಲೆ ಅವನು ಬಂದ ಹಾದಿಯ ಸಮಾಚಾರವನ್ನು ವಿಧಿಪೂರ್ವಕವಾಗಿ ಕೇಳುತ್ತಾರೆ. ವೃತ್ತಪತ್ರಿಕೆಯಿಲ್ಲದ ಕಾಲದಲ್ಲಿ ಅತಿಥಿಯೇ ವಾರ್ತಾವಾಹಕನಾಗಿದ್ದನು. ಖರ್ಜೂರವೂ ಹಲ್ವವೂ ಬರುತ್ತವೆ. ಏಲಕ್ಕಿಯ ಪರಿಮಳದ ಕಾಫಿಯನ್ನು ಹಿಡಿಯಿಲ್ಲದ ಚಿಕ್ಕ ಬಟ್ಟಲಿಗೆ ಗುಟುಕು ಗುಟುಕಾಗಿ ಬಗ್ಗಿಸುತ್ತಾರೆ. ಸಾಕೆನ್ನುವವನು ಮಾತಾಡದೆ ಬಟ್ಟಲನ್ನು ಮೆಲ್ಲಗೆ ಅಲುಗಿಸಿದರೆ ಆಯಿತು. ಕೊನೆಗೆ ಸುಗಂಧಧೂಪ ಬಂದಿತೆಂದರೆ ಹೊರಡುವವನಿಗೆ ಅನುಜ್ಞೆ ದೊರೆತಂತೆ. ಉಪಚಾರವನ್ನು ಬೇಡಲಾರದವನಿಗೂ, ಬೇಡವೆನ್ನಲಾರದವನಿಗೂ ದಾರಿಯನ್ನು ಮೊದಲೇ ಮಾಡಿಟ್ಟಿರುವ ಈ ಕ್ರಮದ ಸೂಕ್ಷ್ಮತೆಯನ್ನು ನಾನು ಬಹುವಾಗಿ ಮೆಚ್ಚುತ್ತೇನೆ.

ಸೌಖ್ಯದ ವಿಚಾರದಲ್ಲಿಯೂ ಒಮಾನಿಗಳು ಹಿಂದುಳಿದವರಲ್ಲ. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಒಮಾನಿನ ಇಮಾಮ ಬಿಲ್‌ಅರಬ್ ಬಿನ್ ಸುಲ್ತಾನನು ಕಟ್ಟಿಸಿದ ಜಬ್ರೀನ್ ಕೋಟೆಯಲ್ಲಿ, ಗಣ್ಯರೊಡನೆ ಕುಳಿತು ಮಾತಾಡುವುದಕ್ಕಾಗಿ ‘ಸೂರ್ಯಚಂದ್ರರ ಕೋಣೆ’ ಇದೆ. ಅದಕ್ಕೆ ಒಟ್ಟು 14 ಕಿಟಕಿಗಳು: ಕೆಳಸಾಲಿನವು ತಂಗಾಳಿಯನ್ನು ಒಳಗೆ ತರುತ್ತವೆ, ಮೇಲ್ಸಾಲಿನವು ಕಾದ ಗಾಳಿಯನ್ನು ಹೊರಗೆ ಬಿಡುತ್ತವೆ.

ಒಮಾನಿನ ಈ ಸತ್ಕಾರಕ್ಕೂ ನಮ್ಮ ಕರಾವಳಿಯ ಸತ್ಕಾರಕ್ಕೂ ಒಬ್ಬನೇ ಸಾಕ್ಷಿ ದೊರೆಯುವುದು ನಮ್ಮ ಭಾಗ್ಯ. ಹದಿನಾಲ್ಕನೆಯ ಶತಮಾನದ ಯಾತ್ರಿಕನಾದ ಇಬ್ನ್ ಬತೂತನು ಸೂರ್ ಬಂದರಿನ ಕಡೆಯಿಂದ ಕಾಲ್ನಡಿಗೆಯಲ್ಲಿ ಹೊರಟು, ಪಾದಗಳು ಬಿರಿದು, ಕಲ್ಹಾತ್ ನಗರವನ್ನು ಸೇರಿದಾಗ ಅಲ್ಲಿಯ ಅಧಿಪತಿಯು ಅವನನ್ನು ಆರು ದಿನ ತನ್ನಲ್ಲಿರಿಸಿಕೊಂಡನು. ಅದೇ ಯಾತ್ರಿಕನು ಮುಂದೆ ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಅತಿಥಿಯಾಗಿ, ತಾಮ್ರದ ತಟ್ಟೆಯಲ್ಲಿ ಬಡಿಸಿದ ಅನ್ನ, ತುಪ್ಪ, ಮೆಣಸು-ಶುಂಠಿ-ನಿಂಬೆ-ಮಾವಿನ ಉಪ್ಪಿನಕಾಯಿಗಳನ್ನೂ ಕಡೆಯಲ್ಲಿ ಬಂದ ಮೊಸರನ್ನೂ ನೆನೆದು ಬರೆದಿದ್ದಾನೆ. ಪಶ್ಚಿಮ ತೀರದ ಹಾದಿಯಲ್ಲಿ ಅರ್ಧ ಅರ್ಧ ಮೈಲಿಗೆ ಮರದ ತಂಗುದಾಣ, ಕೂರಲು ಜಗಲಿ, ಬಾವಿ, ನೀರೆರೆಯಲು ಒಬ್ಬ ಆಳು ಇದ್ದುದನ್ನೂ ಅವನೇ ಹೇಳುತ್ತಾನೆ. ಈ ಎರಡು ತೀರಗಳ ನಂಟು ಮುಂದೆಯೂ ಉಳಿಯಿತು: 1786ರಲ್ಲಿ ಟಿಪ್ಪು ಸುಲ್ತಾನನು ಇಸ್ತಾಂಬುಲ್ಲಿಗೆ ಕಳುಹಿದ ರಾಯಭಾರಿಗಳ ನಾವೆಗಳು ತದಡಿಯಿಂದ ಹೊರಟು ಮೊದಲು ತಂಗಿದ್ದು ಮಸ್ಕತ್ತಿನಲ್ಲಿ. ಆ ಊರಿನಲ್ಲಿ ಮೈಸೂರಿನ ವ್ಯಾಪಾರದ ಕೋಠಿಯೂ ಇದ್ದಿತು.

ನಮ್ಮ ನಾಡಿನ ಮನೆಗಳೂ ಅತಿಥಿಯನ್ನು ಮುಂಭಾಗದಲ್ಲಿಯೇ ಇರಿಸಿದುವು. ಬಯಲುಸೀಮೆಯ ಪಡಸಾಲೆ, ಮಲೆನಾಡಿನ ಜಗಲಿ, ಕರಾವಳಿಯ ಚಾವಡಿ ಇವೆಲ್ಲವೂ ಅಂಗಳಕ್ಕೆ ತೆರೆದ ಸ್ಥಳಗಳು. ಕೈಕಾಲಿಗೆ ಚೆಂಬಿನಲ್ಲಿ ನೀರು, ಬಾಯಾರಿಕೆಗೆ ಬೆಲ್ಲ-ನೀರು, ಊಟದ ಮೇಲೆ ಎಲೆಯಡಕೆಯ ಹರಿವಾಣ. ರಾತ್ರಿ ಅಲ್ಲಿಯೇ ಚಾಪೆ, ಜಮಖಾನ, ಕಂಬಳಿ. ಮನೆಯಾಚೆಗಿನ ಆತಿಥ್ಯವನ್ನು ಮಠಗಳೂ ಛತ್ರಗಳೂ ಹೊತ್ತುವು. ಬಳ್ಳಿಗಾವೆಯ ಕೋಡಿಯಮಠವನ್ನು ಕುರಿತ 1162ರ ಶಾಸನವು ಅದನ್ನು ದೀನರಿಗೂ ಅನಾಥರಿಗೂ ಕುಂಟರು ಕುರುಡರಿಗೂ ಅನ್ನವಿಕ್ಕುವ, ರೋಗಿಗಳಿಗೆ ಔಷಧವೀಯುವ ಸ್ಥಾನವೆಂದು ವರ್ಣಿಸುತ್ತದೆ.

ಈ ಎರಡು ಸಂಪ್ರದಾಯಗಳ ಮೇಲೂ ಇಪ್ಪತ್ತನೆಯ ಶತಮಾನದ ಗೃಹವಿನ್ಯಾಸವು ಒಂದೇ ಬಗೆಯ ಪೆಟ್ಟನ್ನು ಕೊಟ್ಟಿತು. ಸ್ವತಂತ್ರವಾದ ಸ್ನಾನಗೃಹ, ಮಂಚ, ಹವಾನಿಯಂತ್ರಣ ಇವುಗಳಿಂದ ಅತಿಥಿಗೆ ಏಕಾಂತವೂ ಸೌಖ್ಯವೂ ಲಭಿಸಿದುವು ನಿಜ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುತ್ತಿದ್ದ ನಾಡಿನಲ್ಲಿ ಇದನ್ನು ಅಲ್ಪವೆನ್ನಲಾಗದು. ಆದರೆ ಅವನು ಮಲಗುವ ಕೋಣೆಯು ಮುಂಬಾಗಿಲಿನಿಂದ ಮನೆಯ ಹಿಂಬದಿಗೆ, ಮಹಡಿಯ ಮೂಲೆಗೆ ಸರಿಯಿತು. ಬಂದವರಿಲ್ಲದ ತಿಂಗಳುಗಳಲ್ಲಿ ಸೂಟ್‌ಕೇಸುಗಳ ಉಗ್ರಾಣವಾಯಿತು. 2015ರಲ್ಲಿ ಯುನೆಸ್ಕೊ ಸಂಸ್ಥೆಯು ಮಜ್ಲಿಸನ್ನೂ ಅರಬ್ಬೀ ಕಾಫಿಯನ್ನೂ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹಾಗೆ ಬೇಡಿದ ನಾಲ್ಕು ದೇಶಗಳಲ್ಲಿ ಒಮಾನೂ ಒಂದು. ನಮ್ಮ ಜಗಲಿಗೆ ಅಂಥ ರಕ್ಷೆಯಿಲ್ಲ.

ಮಸ್ಕತ್ತಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಊರಿನಿಂದ ಬರುವ ಅತಿಥಿಗಳೆಂದರೆ ಬಹುಮಟ್ಟಿಗೆ ವೃದ್ಧ ತಂದೆತಾಯಿಗಳು, ಇಲ್ಲವೆ ಉದ್ಯೋಗವನ್ನರಸಿ ಬಂದ ತರುಣರು. ಅವರು ಒಂದೆರಡು ದಿನದವರಲ್ಲ, ವಾರಗಟ್ಟಲೆ ತಿಂಗಳುಗಟ್ಟಲೆ ಇರತಕ್ಕವರು. ಇಂಥವರಿಗೆ ಕೋಣೆಯನ್ನು ಸಿದ್ಧಪಡಿಸುವವರು ಮಂಚದ ಮೆತ್ತನೆಗಿಂತ ಮೊದಲು ಅದರ ಸ್ಥಾನವನ್ನು ಯೋಚಿಸಬೇಕೆಂದು ನನ್ನ ಅಭಿಮತ. ಮೆಟ್ಟಿಲೇರಬೇಕಾಗದ ಕೆಳ ಅಂತಸ್ತು, ಬೀದಿ ಕಾಣುವ ಕಿಟಕಿ, ಕೈಗೆಟುಕುವಲ್ಲಿ ನೀರಿನ ತಂಬಿಗೆ, ನಡುರಾತ್ರಿ ತಡಕಾಡದಂತೆ ಒಂದು ಸಣ್ಣ ದೀಪ, ತಂಪು ಅತಿಯಾದಾಗ ಕೇಳದೆಯೇ ಎಳೆದುಕೊಳ್ಳಲು ಒಂದು ಕಂಬಳಿ; ಮತ್ತು ಸಂಜೆ ಕೆಲಸದಿಂದ ಮರಳಿದ ಮಗನೋ ಸೊಸೆಯೋ ಬಂದು ಕುಳಿತು ದಿನದ ಸಮಾಚಾರ ಹೇಳಲು, ಮಂಚದ ಹತ್ತಿರವೇ ಇನ್ನೊಂದು ಕುರ್ಚಿ.