ದೂರದರ್ಶನದ ಕೃತಿಗಳೂ ಗೃಹಸಂಗ್ರಹಗಳೂ

ನಮ್ಮ ಪ್ರಾಚೀನ ಗ್ರಂಥಗಳು ಬಹುಮಟ್ಟಿಗೆ ಮನೆಗಳಲ್ಲಿಯೇ ಉಳಿದುಬಂದವು. ತಂಜಾವೂರು ಸೀಮೆಯ ಪಂಡಿತರೊಬ್ಬರು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ಒಪ್ಪಿಸಿದುದರಿಂದಲೇ ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಅಚ್ಚುಹಾಕಿಸಿದರು. ಈ ನ್ಯಾಯವು ದೂರದರ್ಶನದ ಧಾರಾವಾಹಿಗಳಿಗೂ ಸಲ್ಲತಕ್ಕುದು.

ಜಯಲಕ್ಷ್ಮೀಪುರಕ್ಕೆ ನೆರೆಯಾದ ಯಾದವಗಿರಿಯಲ್ಲಿ ಆರ್. ಕೆ. ನಾರಾಯಣರ ಮನೆಯಿರುವುದು. ಅವರ ಕಥೆಗಳಿಂದ ಶಂಕರನಾಗರು 1986ರಲ್ಲಿ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಮುಂದೆ ಡಿ.ವಿ.ಡಿ.ಗಳಾಗಿ ಮಾರಾಟಕ್ಕೆ ಬಂದಿತು. ಹಾಗಾದರೆ ಪ್ರಸಾರಕಾಲದಲ್ಲಿ ಮನೆಗಳಲ್ಲಿ ಮುದ್ರಿಸಿಕೊಂಡ ವಿಡಿಯೊ ಕ್ಯಾಸೆಟ್ಟುಗಳಿಂದ ಏನು ಪ್ರಯೋಜನವೆಂದು ಕೇಳಬಹುದು. ಮಾರಾಟದ ಪ್ರತಿಯು ಕೃತಿಯನ್ನು ಮಾತ್ರ ಕೊಡುವುದು. ಮನೆಯ ಪ್ರತಿಯಾದರೋ ಅಂದಿನ ಪ್ರಕಟಣೆ, ಜಾಹೀರಾತುಗಳನ್ನೂ ಒಳಗೊಂಡಿರಬಹುದು. ಓಲೆಯ ಕೊನೆಯಲ್ಲಿ ಲಿಪಿಕಾರನು ಬರೆದ ಒಕ್ಕಣೆಯಂತೆ ಇವು ಕಾಲನಿರ್ಣಯಕ್ಕೂ ಪಾಠವಿಮರ್ಶೆಗೂ ಸಾಧನಗಳು.

2011ರಲ್ಲಿ ಕೆಡವಲು ತೊಡಗಿದ್ದ ನಾರಾಯಣರ ಮನೆಯು ಉಳಿದು, 2016ರಲ್ಲಿ ಸಂಗ್ರಹಾಲಯವಾಯಿತು. ಅದೇ ವರ್ಷ ಜಪಾನಿನ ಫುನಾಯ್ ಸಂಸ್ಥೆಯು ವಿ.ಸಿ.ಆರ್. ಯಂತ್ರಗಳ ತಯಾರಿಕೆಯನ್ನು ನಿಲ್ಲಿಸಿತು. ತೇವದಿಂದ ಕ್ಯಾಸೆಟ್ಟಿನ ಪಟ್ಟಿಗೆ ಬೂಷ್ಟು ಹಿಡಿಯುವುದು. ಕಾಂತಚೂರ್ಣವನ್ನು ಹಿಡಿದಿಟ್ಟ ಅಂಟು ಕ್ರಮೇಣ ಸಡಿಲವಾಗುವುದು. ಪಟ್ಟಿಯು ಉಳಿದರೂ ಓದುವ ಯಂತ್ರವಿಲ್ಲದಿದ್ದರೆ ಅದು ಮೂಕವೇ ಸರಿ.

ಆದುದರಿಂದ ಕ್ಯಾಸೆಟ್ಟುಗಳನ್ನು ಬೇಗನೆ ಡಿಜಿಟಲ್ ರೂಪಕ್ಕೆ ಪ್ರತಿಮಾಡಿ, ಪ್ರಸಾರದ ದಿನ, ವಾಹಿನಿ, ಮುದ್ರಿಸಿದ ಊರುಗಳನ್ನು ಗುರುತಿಸಿ, ಮೂಲವನ್ನೂ ಕಾಪಾಡುವುದು ಯುಕ್ತ. 1957ರ ಕೃತಿಸ್ವಾಮ್ಯ ಶಾಸನವು ಖಾಸಗಿ ಅಧ್ಯಯನಕ್ಕೂ ಸಂಶೋಧನೆಗೂ ನ್ಯಾಯೋಚಿತವಾದ ಬಳಕೆಗೆ ಎಡೆಗೊಟ್ಟಿದೆ. ಮಾರಾಟಕ್ಕೆ ಸ್ವಾಮ್ಯವುಳ್ಳವರ ಅನುಮತಿ ಬೇಕು. ಓಲೆಗಳನ್ನು ಅರಸಿ ಮನೆಮನೆಗೆ ಹೋದ ವಿದ್ವಾಂಸರ ಪರಂಪರೆಗೆ ಈ ಶೋಧನೆಯೂ ಸೇರತಕ್ಕುದು.